ಮೂರು ಗಂಟೆಯ ಕಹಿ

ಬಲಗೈಯನ್ನು ಅತ್ತೆಯ ಭುಜದ ಕೆಳಗೆ, ಎಡಗೈಯನ್ನು ಸೊಂಟದ ಕೆಳಗೆ ತೂರಿಸಿ ಸ್ಟೆಲ್ಲಾ ಉಸಿರು ಬಿಗಿಹಿಡಿದಳು. ಒದ್ದೆಯಾದ ಬೆಡ್‌ಶೀಟನ್ನು ಅರ್ಧದವರೆಗೆ ಸುರುಳಿ ಸುತ್ತಿ ಬೆನ್ನಿಗೆ ಒತ್ತಿಟ್ಟಾಗಿತ್ತು. ಇನ್ನು ಮೈಯನ್ನು ಆ ಸುರುಳಿಯ ಮೇಲಿಂದ ಈಚೆಗೆ ಹೊರಳಿಸಬೇಕು. ಹೊರಳಿಸುವ ಆ ಒಂದು ಗಳಿಗೆಗೆ ಅತ್ತೆ ಸೊಸೆ ಇಬ್ಬರೂ ಹೆದರುತ್ತಿದ್ದರು.

"ಅತ್ತೆ, ಹಿಡ್ಕೊಳ್ಳಿ."

ಲೂರ್ದಮ್ಮ ಟವೆಲಿನ ತುದಿಯನ್ನು ಹಲ್ಲುಗಳ ನಡುವೆ ಕಚ್ಚಿಕೊಂಡರು. ಎದುರಿನಿಂದ ನರ್ಸ್ ಗೋಕಿಲಾ ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು. ಟವೆಲಿನ ಹಿಂದಿನಿಂದ ಒಂದು ದನಿ ಬಂತು. ಮನುಷ್ಯರ ದನಿಯಂತಿರಲಿಲ್ಲ ಅದು. ಸ್ಟೆಲ್ಲಾ ಹಳೆಯ ಶೀಟನ್ನು ಸರಕ್ಕನೆ ಎಳೆದು ಹೊಸದನ್ನು ಹರವಿದಳು. ಪಕ್ಕದ ವರ್ಕ್‌ಶಾಪಿನಲ್ಲಿ ಪಂಪಿನ ಬಾಡಿಯನ್ನು ಲೇತ್‌ಗೆ ಹಾಕಿದ್ದರು. ಕಬ್ಬಿಣ ಕೊರೆಯುವ ಸದ್ದು ಗೋಡೆ ದಾಟಿ ಬರುತ್ತಿತ್ತು. ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ಮನೆ ಮಾಡಿದ ಹೊಸದರಲ್ಲಿ ಆ ಸದ್ದಿಗೆ ಅವಳಿಗೆ ತಲೆ ಸಿಡಿಯುತ್ತಿತ್ತು. ಈಗ ಅತ್ತೆಯ ದನಿಯನ್ನು ಬೀದಿಗೆ ಕೇಳಿಸದಂತೆ ಮುಚ್ಚುತ್ತದಲ್ಲ ಎಂದು ಸಮಾಧಾನ.

"ಪಾಟೀ, ವಲಿ, ನೋವು ಎಷ್ಟು ಇದೆ? ಹತ್ತಕ್ಕೆ ಎಷ್ಟು ಮಾರ್ಕ್ ಹಾಕ್ತೀರಾ?" ಗೋಕಿಲಾ ಕೇಳಿದಳು.

ಲೂರ್ದಮ್ಮ ಟವೆಲು ಉಗುಳಿದರು. "ನಿಂಗೆ ಬ್ಯಾರೆ ಕ್ಯಾಮೆ ಇಲ್ವಾ? ಸಿಲ್ಬೆ ಮ್ಯಾಲೆ ಇದ್ದೋನ್ನ ಯಾರಾದ್ರೂ ಹತ್ತಕ್ಕೆ ಎಷ್ಟು ಅಂತ ಕೇಳಿದ್ರಾ?"

"ಅವರಿಗೆ ನರ್ಸ್ ಇರಲಿಲ್ಲ ಪಾಟಿ. ಇದ್ದಿದ್ದರೆ ನಾನೇ ಹೋಗಿ ಕೇಳ್ತಿದ್ದೆ."

"ಕೇಳ್ತಿದ್ದೆ ಕೇಳ್ತಿದ್ದೆ. ನಿನ್ ಕನ್ನಡ ಕೇಳಿ ಅವ್ನಿಗೆ ಇನ್ನೂ ನೋವಾಗ್ತಿತ್ತು."

ಗೋಕಿಲಾ ನಕ್ಕಳು. ಪೆರಿಯನಾಯಕನಪಾಳ್ಯಂ ಕಡೆಯ ಒಕ್ಕಲಿನ ಮನೆಯವಳು. ತಲೆಮಾರುಗಳಿಂದ ಅವರ ಮನೆಯೊಳಗೆ ಕನ್ನಡ, ಹೊರಗೆ ತಮಿಳು, ಅವಳ ಬಾಯಲ್ಲಿ ಅಜ್ಜಿ ಪಾಟಿಯಾಗುತ್ತಿತ್ತು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡುವ ಒಂದು ಸಂಸ್ಥೆಯಲ್ಲಿ ಕೆಲಸ. ಕೊಳ್ಳೇಗಾಲದ ಕಡೆಯಿಂದ ಬಂದ ಲೂರ್ದಮ್ಮನ ಜೊತೆ ಮಾತಾಡಲು ಈ ಬೀದಿಯಲ್ಲಿ ಮನೆಯವರನ್ನು ಬಿಟ್ಟರೆ ಅವಳೊಬ್ಬಳೇ.

ಕಿಟಕಿಯ ಅಂಚಿನಲ್ಲಿ, ಗೋಡೆಗೆ ಹೊಡೆದ ಶಿಲುಬೆಯ ನೇರ ಕೆಳಗೆ, ಮಾರ್ಫಿನ್ ಮಾತ್ರೆಯ ಪಟ್ಟಿ ಇತ್ತು. ಒಂದೂ ಒಡೆದಿರಲಿಲ್ಲ. ಎದೆಯಲ್ಲಿ ಶುರುವಾದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದ ಮೇಲೆ ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಇನ್ನು ಮಾಡುವುದು ನೋವು ಕಡಿಮೆ ಮಾಡುವುದಷ್ಟೇ ಅಂದಿದ್ದರು. ಆದರೆ ನಲವತ್ತು ದಿನದ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡ ದಿನದಿಂದ ಲೂರ್ದಮ್ಮ ನೋವಿನ ಮಾತ್ರೆ ಒಂದನ್ನೂ ನುಂಗಿರಲಿಲ್ಲ.

ಗೋಕಿಲಾ ಪಟ್ಟಿಯನ್ನು ಕೈಗೆತ್ತಿಕೊಂಡಳು. "ಮೂಟೆ ಹೊರೋವಾಗ ತಲೆಗೆ ಸಿಂಬೆ ಇಟ್ಕೊಳ್ತೀವಲ್ಲ ಪಾಟಿ, ಅಷ್ಟೇ ಇದು. ಮೂಟೆ ಇದ್ದೇ ಇರುತ್ತೆ. ಸಿಂಬೆ ಬೇಡಾ ಅಂದ್ರೆ ಎಪ್ಪಡಿ, ಹೇಗೆ?"

"ಅವ್ನಿಗೂ ಕೊಟ್ರು ಕಣವ್ವ. ಮೊಳೆ ಹೊಡಿಯೋಕೆ ಮುಂಚೆ ದ್ರಾಕ್ಷಾರಸಕ್ಕೆ ಏನೋ ಕಹಿ ಬೆರೆಸಿ ಕೊಟ್ರು, ಮೈ ಜುಮ್ಮಂದು ನೋವು ಗೊತ್ತಾಗ್ದಿರ್ಲಿ ಅಂತ. ಅವ್ನು ನಾಲ್ಗೆಗೆ ಮುಟ್ಟಿಸ್ಕೊಂಡು ಬ್ಯಾಡ ಅಂದ. ಯಾಕಂದ? ಎಲ್ಲಾನೂ ಮೈಯಾಗೇ ತಗೋಬೇಕು ಅಂತ. ಎಚ್ಚರವಾಗಿದ್ಕಂಡು." ಮಾತಿನ ಕೊನೆಗೆ ಅವರ ತುಟಿ ನೀಲಿಯಾಯಿತು. ಕಣ್ಣು ಮುಚ್ಚಿಕೊಂಡರು.

ಬಾಗಿಲಲ್ಲಿ ಸ್ಕೂಟರಿನ ಕೀಲಿ ತಿರುಗಿಸುತ್ತಾ ಗೋಕಿಲಾ ದನಿ ತಗ್ಗಿಸಿದಳು. "ಅಕ್ಕಾ, ಒಪ್ಪದೆ ಕೊಡಕ್ಕಾಗಲ್ಲ. ಅವರ ಉಡಂಬು, ಅವರ ಮೈ ಅವರದು. ಆದರೆ ಈ ವಾರದಲ್ಲಿ ಇನ್ನೂ ಜಾಸ್ತಿ ಆಗುತ್ತೆ. ಒಪ್ಪಿದ ಕೂಡಲೇ ಒಂದು ಮಾತ್ರೆ, ಆಮೇಲೆ ನಾಲ್ಕು ಗಂಟೆಗೊಂದು. ತಡಮಾಡಬೇಡಿ."

ಪಾದ್ರಿಗಳೂ ಬಂದು ಹೇಳಿ ಹೋಗಿದ್ದರು. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಪರಮಪ್ರಸಾದ ಕೊಡಲು ಬಂದವರು ಹಾಸಿಗೆಯ ಪಕ್ಕ ಕೂತು, ನೋವು ಕಳೆಯುವ ಔಷಧಿಯನ್ನು ಧರ್ಮಸಭೆ ಬೇಡ ಅನ್ನುವುದಿಲ್ಲ ಎಂದು ತಮಿಳಿನಲ್ಲಿ ನಿಧಾನವಾಗಿ ವಿವರಿಸಿದ್ದರು. ಸ್ಟೆಲ್ಲಾ ಅದನ್ನು ಕನ್ನಡಕ್ಕೆ ತಿರುಗಿಸಿದ್ದಳು. ಲೂರ್ದಮ್ಮ ಒಂದೇ ಪ್ರಶ್ನೆ ಕೇಳಿದ್ದರು: "ಬ್ಯಾಡ ಅಂದ್ರೆ ಪಾಪವಾ ಸಾಮಿ?" ಪಾಪವಲ್ಲ, ಎಂದಿದ್ದರು ಪಾದ್ರಿ. ಅಲ್ಲಿಗೆ ಮಾತು ಮುಗಿದಿತ್ತು.

ಯಾಕೆ ಬೇಡ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಲೂರ್ದಮ್ಮನ ಮಗಳು ಜೆಸಿಂತಾ ಹತ್ತೊಂಬತ್ತರ ವಯಸ್ಸಿನಲ್ಲಿ ತಾನಾಗಿ ಜೀವ ಕಳೆದುಕೊಂಡಿದ್ದಳು. ಸ್ಟೆಲ್ಲಾ ಈ ಮನೆಗೆ ಸೊಸೆಯಾಗಿ ಬರುವ ಮೊದಲಿನ ಮಾತು. ಆಗಿನ ಪಾದ್ರಿ ಸಮಾಧಿಗೆ ಬೇಲಿಯಂಚಿನಲ್ಲಿ ಜಾಗ ತೋರಿಸಿ, ಪ್ರಾರ್ಥನೆಯನ್ನು ಅವಸರದಲ್ಲಿ ಮುಗಿಸಿದ್ದರಂತೆ. ಮಗಳ ಆತ್ಮ ಸ್ವರ್ಗ ಮುಟ್ಟದೆ ಇನ್ನೂ ಶುದ್ಧೀಕರಣದ ಬೆಂಕಿಯಲ್ಲಿದೆ ಎಂದೇ ತಾಯಿ ನಂಬಿದ್ದರು. ತನ್ನ ಮೈಯ ನೋವನ್ನು ಯೇಸುವಿನ ನೋವಿಗೆ ಸೇರಿಸಿ ಒಪ್ಪಿಸಿದರೆ ಅವಳ ಬೆಂಕಿ ಅಷ್ಟಷ್ಟೇ ಆರುತ್ತದೆ. ಮಾತ್ರೆ ನುಂಗಿದರೆ ಆರುವುದು ಯಾರ ಬೆಂಕಿ?

ಗುರುವಾರ ಸಂಜೆ, ಪಾದ ತೊಳೆಯುವ ಪೂಜೆ ಮುಗಿಸಿ ಬಂದ ಗಂಡ ಇನಾಸ್ ಅಡುಗೆಮನೆಯ ಬಾಗಿಲಿಗೆ ಒರಗಿದ. ಒಳಗಿನಿಂದ ತಾಯಿಯ ನರಳಾಟ ಕೇಳುತ್ತಿತ್ತು.

"ಗಂಜೀಲಿ ಕಲಸಿಬಿಡು ಸ್ಟೆಲ್ಲಾ."

"ನೀವೇ ಕಲಸಿ."

"ನನ್ನ ಕೈಲಾಗಲ್ಲ. ಅವ್ವ ನನ್ನ ಮುಖ ನೋಡಿದ್ರೆ ಕಂಡುಹಿಡೀತಾಳೆ. ಚಿಕ್ಕೋನಿದ್ದಾಗಿಂದ ಅಷ್ಟೇ."

"ನನ್ನ ಮುಖ ನೋಡಿದ್ರೆ?"

ಅವನು ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ. ಕೆಟ್ಟವನಲ್ಲ. ದಿನವಿಡೀ ಲೇತಿನ ಮುಂದೆ ನಿಂತು ಬಂದವನು, ತಾಯಿಯ ಕೋಣೆಗೆ ಹೋಗುವಾಗ ಚಪ್ಪಲಿ ಹೊರಗೆ ಬಿಟ್ಟು ದೇವಸ್ಥಾನಕ್ಕೆ ಹೋಗುವವನ ಹಾಗೆ ಹೋಗುತ್ತಿದ್ದ, ಬೇಗ ಹೊರಗೆ ಬರುತ್ತಿದ್ದ. ಹೇಳುವವರೆಲ್ಲ ಹೇಳಿ ಹೋಗುತ್ತಾರೆ, ಲೋಟ ಮಾತ್ರ ತನ್ನ ಕೈಯಲ್ಲಿ ಉಳಿಯುತ್ತದೆ ಎಂದುಕೊಂಡಳು ಸ್ಟೆಲ್ಲಾ. ಪಲ್ಲಡಂ ರಸ್ತೆಯ ಬನಿಯನ್ ಕಂಪನಿಯ ಚೆಕಿಂಗ್ ಟೇಬಲ್ಲಿನ ಕೆಲಸವನ್ನು ಅವಳು ಬಿಟ್ಟು ನಾಲ್ಕು ತಿಂಗಳಾಗಿತ್ತು. ಅಲ್ಲಿ ತಪ್ಪು ಕಂಡರೆ ಬಟ್ಟೆಯ ಮೇಲೆ ಒಂದು ಕೆಂಪು ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕಿಟ್ಟರೆ ಮುಗಿಯಿತು. ಮುಂದಿನದನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರು.

ಶುಭ ಶುಕ್ರವಾರ ಬೆಳಿಗ್ಗೆ ಶಿಲುಬೆ ಹಾದಿಯ ಮೆರವಣಿಗೆ ಅವರ ಬೀದಿಯಲ್ಲೇ ಬಂತು. ಆಟೋದ ಮೇಲೆ ಕಟ್ಟಿದ ಸ್ಪೀಕರಿನಲ್ಲಿ ತಮಿಳು ಹಾಡು, ಹಿಂದೆ ಬಿಸಿ ಟಾರಿನ ಮೇಲೆ ಬರಿಗಾಲಿನ ಜನ. ಮುಂದಿನ ಹುಡುಗನ ಹೆಗಲ ಮೇಲೆ ಮರದ ಶಿಲುಬೆ. ಕಿಟಕಿ ತೆರೆಯಲು ಲೂರ್ದಮ್ಮ ಸನ್ನೆ ಮಾಡಿದರು.

"ಯೇಸು ಸಿಲ್ಬೆಗೆ ಹೆಗಲು ಕೊಡೋ ಸೀಮೋನ ಈ ಸಲ ಯಾರು, ಬಂದ್ನಾ?"

"ಸೆಂದಿಲ್ ಕುಮಾರ್, ಅತ್ತೆ. ಮೂಲೆಮನೆಯವನು. ಈಗ ತಾನೇ ಶಿಲುಬೆಗೆ ಕೈ ಕೊಟ್ಟ."

"ಪುಣ್ಯವಂತ. ಯೇಸುಸ್ವಾಮಿ ಒಬ್ನೇ ಹೊರಕ್ಕಾಗ್ದೆ ಅಲ್ಲ ಕಣವ್ವ. ದೇವ್ರಿಗೆ ಆಗ್ದೆ ಇರ್ತದಾ? ನಮ್ಗೂ ಒಂದ್ ತುದಿ ಇರ್ಲಿ ಅಂತ ಬುಟ್ಟುಕೊಟ್ಟ."

ಸ್ಟೆಲ್ಲಾಳಿಗೆ ಅದನ್ನು ಒಪ್ಪುವುದೂ ಆಗುತ್ತಿರಲಿಲ್ಲ, ತಳ್ಳುವುದೂ ಆಗುತ್ತಿರಲಿಲ್ಲ. ಅವಳ ತಾಯಿ ಕಲಿಸಿದ್ದು ಬೇರೆ. ಚಾಟಿಯೇಟು, ಮುಳ್ಳು, ಮೊಳೆ ಎಲ್ಲವನ್ನೂ ಅವನು ತೆಗೆದುಕೊಂಡ, ನಮಗೆ ಉಳಿದಿರುವುದು ಕೃತಜ್ಞತೆ ಮಾತ್ರ ಎಂದು. ಪ್ರತಿ ಶುಭ ಶುಕ್ರವಾರ ಸಾಲಿನಲ್ಲಿ ನಿಂತು, ಮಲಗಿಸಿಟ್ಟ ಶಿಲುಬೆಯ ಮೇಲಿನ ಯೇಸುವಿನ ಪಾದಕ್ಕೆ ಮುತ್ತಿಡುವಾಗ ತಣ್ಣಗಿನ ಮೊಳೆ ತುಟಿಗೆ ತಾಗುತ್ತಿತ್ತು. ಎಷ್ಟೋ ವರ್ಷ ಅದು ಅವಳಿಗೆ ಬರೀ ಪಾದ, ಬರೀ ಮೊಳೆ. ಈ ನಾಲ್ಕು ತಿಂಗಳಲ್ಲಿ ಮಾತ್ರ ಆ ಮೈ ಒಂದು ಮೈಯಾಗಿ ಕಾಣತೊಡಗಿತ್ತು. ಉಸಿರೆಳೆಯಲು ಮೇಲೆ ಒತ್ತಬೇಕು, ಒತ್ತಿದರೆ ಮೊಳೆ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಮೂತ್ರ ಹೋಗಿರಬಹುದು, ನೊಣ ಮುತ್ತಿರಬಹುದು. ಅದನ್ನು ಯಾವ ಪಾದ್ರಿಯೂ ಹೇಳುವುದಿಲ್ಲ. ದೇವರು ಹೀಗೆ ಆದ ಎಂಬುದು ಅತ್ತೆಯ ಒದ್ದೆ ಶೀಟು ಬದಲಿಸುವಾಗ ಅವಳಿಗೆ ಹೊಳೆದು, ಒಮ್ಮೆ ಬಕೆಟ್ಟಿನ ಮುಂದೆಯೇ ಕೂತುಬಿಟ್ಟಿದ್ದಳು. ತನಗೇನಾದರೂ ಕೊಡಬೇಕೆಂದು ಅವನು ಕೇಳುವುದು ಅವಳಿಗೆ ಕೇಳಿಸಿರಲಿಲ್ಲ. ಆದರೆ ಅತ್ತೆಗೆ ಕೇಳಿಸುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ನೋವು ಟವೆಲಿಗೆ ನಿಲ್ಲಲಿಲ್ಲ. ಅವತ್ತು ರಜೆಯಾದ್ದರಿಂದ ಲೇತೂ ನಿಂತಿತ್ತು. ಲೂರ್ದಮ್ಮನ ಕೂಗು ಬೀದಿಯವರೆಗೆ ಹೋಯಿತು. ಎದುರುಮನೆಯ ಸಾಂತಿ ಬಾಗಿಲಿಗೆ ಬಂದು ನಿಂತು, ಏನೂ ಕೇಳದೆ ಹೋದಳು. ಇನಾಸ್ ಕೋಣೆಯ ಹೊರಗೆ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಎರಡು ಗಂಟೆಗೆ ಶರ್ಟು ಹಾಕಿಕೊಂಡು, "ಮೂರು ಗಂಟೆ ಆರಾಧನೆಗೆ ಹೋಗ್ತೀನಿ. ಅಲ್ಲಾದ್ರೂ..." ಎಂದ. ಚಪ್ಪಲಿ ಮೆಟ್ಟಿ ಹೊರಟ.

"ಜೆಸಿಂತಾಗೆ," ಎನ್ನುತ್ತಿದ್ದರು ಲೂರ್ದಮ್ಮ, ಉಸಿರು ಸಿಕ್ಕಿದಾಗಲೆಲ್ಲ. "ಇದು ಜೆಸಿಂತಾಗೆ. ತಕ್ಕೋ ಸಾಮಿ. ಇದೂ ಅವ್ಳಿಗೆ." ಆಮೇಲೆ ಆ ಹೆಸರೂ ಬರಲಿಲ್ಲ. ಬಾಯಿ ತೆರೆದು, ಕಣ್ಣು ಸೂರಿಗೆ ನೆಟ್ಟಿತ್ತು.

ಸ್ವಲ್ಪ ತಗ್ಗಿದಾಗ ಸೊಸೆಯ ಮಣಿಕಟ್ಟು ಹಿಡಿದರು. "ಬೇವು ತಂದ್ಯಾ?"

ಅದು ಅವರ ಊರಿನ ಪದ್ಧತಿ. ಶುಭ ಶುಕ್ರವಾರ ಮೂರು ಗಂಟೆಗೆ, ಯೇಸು ಪ್ರಾಣ ಬಿಟ್ಟ ಹೊತ್ತಿಗೆ, ಮನೆಮಂದಿಯೆಲ್ಲ ಬೇವಿನ ಎಲೆಯ ರಸ ಒಂದೊಂದು ಗುಟುಕು ಕುಡಿಯುವುದು. ಅವನ ಬಾಯಿಗೆ ಆದ ಕಹಿ ನಮ್ಮ ಬಾಯಿಗೂ ಆಗಲಿ ಎಂದು. ಕೊಯಮತ್ತೂರಿಗೆ ಬಂದ ಮೇಲೂ ಲೂರ್ದಮ್ಮ ಒಂದು ವರ್ಷವೂ ಅದನ್ನು ಬಿಟ್ಟಿರಲಿಲ್ಲ.

"ತಂದಿದೀನಿ ಅತ್ತೆ."

ಸ್ಟೆಲ್ಲಾ ಅಡುಗೆಮನೆಯಲ್ಲಿ ಎಲೆ ಅರೆದು ಬಟ್ಟೆಯಲ್ಲಿ ಹಿಂಡಿದಳು. ಲೋಟದ ತಳದಲ್ಲಿ ಕಡುಹಸಿರು ರಸ ನಿಂತಿತು. ನಡುವಿನ ಕೋಣೆಯಿಂದ ಮತ್ತೆ ಕೂಗು. ಅವಳು ಒಳಗೆ ಹೋಗಿ, ಅತ್ತೆಯ ತಲೆ ಸರಿಪಡಿಸುವವಳಂತೆ ಬಗ್ಗಿ, ಕಿಟಕಿಯಿಂದ ಮಾತ್ರೆಯ ಪಟ್ಟಿಯನ್ನು ಸೆರಗಿನೊಳಗೆ ತಂದಳು. ಎರಡು ಚಮಚಗಳ ನಡುವೆ ಒಂದು ಮಾತ್ರೆ ಇಟ್ಟು ಒತ್ತಿದಳು. ಅದು ಪುಡಿಯಾದ ಸದ್ದು ಎಷ್ಟು ಸಣ್ಣದು! ರಸದಲ್ಲಿ ಕಲಕಿದಳು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಕಹಿಯೊಳಗೆ ಕಹಿ. ಯಾವುದು ಯಾವುದೆಂದು ಅವಳಿಗೇ ತಿಳಿಯಲಿಲ್ಲ.

ಲೋಟವನ್ನು ತಂದು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿಟ್ಟಳು.

"ಓದು," ಎಂದರು ಲೂರ್ದಮ್ಮ. ಅವರಿಗೆ ಓದು ಬಾರದು. ಯೇಸುವಿನ ಪಾಡಿನ ಕಥೆಯನ್ನು ಪ್ರತಿ ವರ್ಷ ಸ್ಟೆಲ್ಲಾಳೇ ಓದಬೇಕು. ಅವಳು ಬೈಬಲ್ ತೆರೆದಳು. ಮುಳ್ಳಿನ ಕಿರೀಟ, ಉಗುಳು, ಬೆತ್ತ. ಶಿಲುಬೆಗೇರಿಸಿದ ಗುಡ್ಡ ಗೊಲ್ಗೊಥಾದ ಸಾಲು ಹತ್ತಿರವಾಗುತ್ತಿದ್ದಂತೆ ಅವಳ ಓದು ನಿಧಾನವಾಯಿತು. ಕಹಿ ಬೆರೆಸಿದ್ದನ್ನು ಕೊಟ್ಟರು, ರುಚಿ ನೋಡಿದ, ಕುಡಿಯಲೊಪ್ಪಲಿಲ್ಲ. ಆ ಸಾಲನ್ನು ಹಾರಿಸಿ ಮುಂದಿನದಕ್ಕೆ ಹೋಗಬಹುದಿತ್ತು. ಹಾರಿಸಲಿಲ್ಲ. ಓದಿದಳು. ತನ್ನ ದನಿ ಬೇರೆ ಯಾರದೋ ಅನ್ನಿಸಿತು.

"ನೋಡ್ದ್ಯಾ," ಎಂದರು ಲೂರ್ದಮ್ಮ, ಗೆದ್ದವರ ಹಾಗೆ. "ಬ್ಯಾಡ ಅಂದ. ಕೊಡು ನಂಗೆ ಬೇವು. ಕಹೀನ ನಾನು ಬ್ಯಾಡ ಅನ್ನಲ್ಲ."

ಸ್ಟೆಲ್ಲಾ ಒಂದು ಕೈಯಿಂದ ತಲೆ ಎತ್ತಿ ಹಿಡಿದು ಲೋಟ ತುಟಿಗಿಟ್ಟಳು. ಒಂದು ಗುಟುಕು. ಲೂರ್ದಮ್ಮ ನಿಲ್ಲಿಸಿದರು. ಕಣ್ಣು ಸೊಸೆಯ ಮುಖದ ಮೇಲೆ ನಿಂತಿತು.

"ಈ ಸಲ ಕಹಿ ಜಾಸ್ತಿ ಅದೆ."

ಸ್ಟೆಲ್ಲಾ ಲೋಟವನ್ನು ತುಟಿಯಿಂದ ತೆಗೆಯಲಿಲ್ಲ. "ಎಲೆ ಬಲಿತಿತ್ತು ಅತ್ತೆ."

"ಒಳ್ಳೇದಾಯ್ತು," ಎಂದು ಲೂರ್ದಮ್ಮ ತಳದವರೆಗೂ ಕುಡಿದರು.

ದೂರದ ಚರ್ಚಿನಲ್ಲಿ ಗಂಟೆ ಬಾರಿಸಲಿಲ್ಲ, ಶೋಕದ ದಿನವಾದ್ದರಿಂದ ಅವತ್ತು ಮರದ ತಾಳವಷ್ಟೇ. ಅದರ ಟಕಟಕ ಗಾಳಿಯಲ್ಲಿ ಬಂತೋ ಇಲ್ಲವೋ ಎಂಬಂತೆ ಬಂತು. ಸ್ಟೆಲ್ಲಾ ನಿಂತು ನಿಂತು, ಓದಿದ್ದನ್ನೇ ಮತ್ತೆ ಓದುತ್ತಾ, ಅರ್ಧ ಗಂಟೆಯ ಮೇಲೆ ಎಳೆದಳು. ಓದುತ್ತಿದ್ದಂತೆ, ಶೀಟನ್ನು ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾದವು. ಹಣೆಯ ಗಂಟು ಬಿಚ್ಚಿಕೊಂಡಿತು. ಹುಳಿರಸದಲ್ಲಿ ಅದ್ದಿದ ಸ್ಪಂಜನ್ನು ಕೋಲಿಗೆ ಸಿಕ್ಕಿಸಿ ಯಾರೋ ಓಡಿ ಬಂದದ್ದನ್ನು ಓದುವ ಹೊತ್ತಿಗೆ ಲೂರ್ದಮ್ಮ ನಿದ್ದೆ ಹೋಗಿದ್ದರು. ಸ್ಟೆಲ್ಲಾ ಪುಸ್ತಕ ಮುಚ್ಚಿ, ಎಷ್ಟೋ ಹೊತ್ತು ಅವರ ಎದೆ ಏರಿಳಿಯುವುದನ್ನು ನೋಡುತ್ತಾ ಕೂತಳು. ಉಸಿರು ನಿಂತರೆ? ನಿಲ್ಲಲಿಲ್ಲ. ತೊಳೆದ ಬಟ್ಟೆಯಂತೆ ಆ ಮುಖ ಹರವಿಕೊಂಡಿತ್ತು. ಇಷ್ಟೇ ತಾನೇ ಬೇಕಿದ್ದದ್ದು ಎಂದು ಅವಳಿಗೆ ಅಳು ಬಂತು.

ಸಂಜೆ ಇನಾಸ್ ಗೇಟು ತೆಗೆಯುವ ಸದ್ದಿಗೆ ಲೂರ್ದಮ್ಮ ಕಣ್ಣು ತೆರೆದರು. ತಾವೇ ಕೈಯನ್ನು ಮೆಲ್ಲಗೆ ಎತ್ತಿ ಕೆನ್ನೆ ಮುಟ್ಟಿಕೊಂಡರು.

"ಸ್ಟೆಲ್ಲಾ, ನೋವಿಲ್ಲ."

"ಒಳ್ಳೇದಾಯ್ತಲ್ಲ ಅತ್ತೆ."

"ಒಳ್ಳೇದಾಯ್ತಲ್ಲ ಅಂತ ಸುಮ್ನೆ ಅಂತೀಯಲ್ಲೇ! ನೋವಿಲ್ಲ ಅಂದ್ರೆ ಏನು ಗೊತ್ತಾ? ಮೂರ್ ಗಂಟೇಲಿ ಹೋಯ್ತು. ಅವ್ನು ಜೀವ ಬುಟ್ಟ ಗಂಟೇಲಿ. ಇನಾಸು, ಬಾರಪ್ಪ ಇಲ್ಲಿ. ನಿನ್ ತಂಗಿ ಬಿಡುಗಡೆ ಆದ್ಲು. ಇನ್ನು ಸಾಕು, ತಕ್ಕೊಂಡೆ ಅಂತ ಯೇಸುಸ್ವಾಮಿ ನಂಗೆ ತಿಳಿಸ್ದ."

ಇನಾಸ್ ಬಾಗಿಲಲ್ಲಿ ನಿಂತವನು ನಿಂತಂತೆಯೇ ಇದ್ದ. ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಸ್ಟೆಲ್ಲಾ ನೆಲದ ಕಡೆ ನೋಡಿದಳು. ಇಂಥದ್ದನ್ನು ಅವಳು ನೆನೆಸಿಯೇ ಇರಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದಳು, ಕಂಡುಹಿಡಿದು ಉಗಿಯುತ್ತಾರೆ ಎಂದುಕೊಂಡಿದ್ದಳು. ತಾನು ಅರೆದ ಮಾತ್ರೆ ಇಪ್ಪತ್ತೈದು ವರ್ಷಗಳ ಬೆಂಕಿಯನ್ನು ಆರಿಸುತ್ತದೆ ಎಂದುಕೊಂಡಿರಲಿಲ್ಲ.

"ಕುಣೀತಿದ್ಲು ಗೊತ್ತಾ," ಎನ್ನುತ್ತಿದ್ದರು ಲೂರ್ದಮ್ಮ. "ನಿದ್ದೇಲಿ ಕಂಡ್ಲು. ಹಳದಿ ಲಂಗ. ಅವ್ವಾ ಬಾ ಅಂತ ಕರೀಲಿಲ್ಲ, ಸುಮ್ನೆ ಕುಣೀತಿದ್ಲು, ನನ್ ಕಡೆ ನೋಡ್ಲೇ ಇಲ್ಲ. ಅಷ್ಟ್ ಖುಷಿಯಾಗಿದ್ಲು, ಕಳ್ಳಿ."

ಇನಾಸ್ ಅಡುಗೆಮನೆಗೆ ಬಂದ. ಒಲೆಯ ಹತ್ತಿರ ನಿಂತ ಹೆಂಡತಿಯ ಹಿಂದೆ ಬಂದು, ಉಸಿರಿನಷ್ಟೇ ದನಿಯಲ್ಲಿ ಕೇಳಿದ, "ಹಾಕಿದ್ಯಾ?"

ಅವನ ಮುಖ ಹುಡುಗನ ಮುಖದಂತಿತ್ತು. ತಂಗಿಯ ಹೆಸರನ್ನು ಈ ಮನೆಯಲ್ಲಿ ಒಮ್ಮೆಯೂ ಎತ್ತದವನು. ಹೌದು ಅನ್ನಿಸಿಕೊಳ್ಳಲು ಬಂದ ಪ್ರಶ್ನೆಯಲ್ಲ ಅದು ಎಂದು ಅವಳಿಗೆ ತಿಳಿಯಿತು.

"ಬೇವಿನ ರಸ ಕೊಟ್ಟೆ," ಎಂದಳು. "ಅಷ್ಟೇ."

ಅವನು ಕಣ್ಣೊರೆಸಿಕೊಂಡ. ಒಳಗೆ ಹೋಗಿ ತಾಯಿಯ ಹಾಸಿಗೆಯ ಪಕ್ಕ ಮಂಡಿಯೂರಿದ. ಇಬ್ಬರೂ ಜಪಸರ ಶುರುಮಾಡಿದರು. ಅವನು ತಾಯಿಯ ಕೋಣೆಯಲ್ಲಿ ಅಷ್ಟು ಹೊತ್ತು ಕೂತದ್ದನ್ನು ಸ್ಟೆಲ್ಲಾ ಕಂಡೇ ಇರಲಿಲ್ಲ.

ಅವಳು ಪಾತ್ರೆ ತೊಳೆಯತೊಡಗಿದಳು. ನಡುವೆ ಜಪದ ದನಿಯಲ್ಲಿ ಒಂದು ತಡವರಿಕೆ ಕೇಳಿಸಿತು. ಮತ್ತೊಂದು. ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಹೊರಗೆ ಬೀದಿದೀಪ ಹತ್ತಿಕೊಂಡಿತ್ತು. ನಾಲ್ಕು ಗಂಟೆಗೊಂದು, ಎಂದಿದ್ದಳು ಗೋಕಿಲಾ.

ಕೋಣೆಗೆ ಹೋದಾಗ ಲೂರ್ದಮ್ಮನ ಬೆರಳು ಶೀಟನ್ನು ಹುಡುಕುತ್ತಿತ್ತು. ಸೊಸೆಯನ್ನು ಕಂಡವರು ಮಗನಿಗೆ ಕೇಳಿಸದಂತೆ ಹತ್ತಿರ ಕರೆದರು.

"ಬೆನ್ನಾಗೆ ಏನೋ ಚುಳಕ್ ಅಂದಂಗಾಯ್ತು ಕಣವ್ವ."

"ಒಂದೇ ಮಗ್ಗುಲಲ್ಲಿ ಮಲಗಿದ್ರಲ್ಲ ಅತ್ತೆ."

"ಅಷ್ಟೇಯಾ?" ಅವರ ಕಣ್ಣಲ್ಲಿ ನೋವಿಗಿಂತ ದೊಡ್ಡದೊಂದು ಬಂದು ಕೂತಿತ್ತು. "ಮತ್ತೆ ಬಂದ್ರೆ... ಅವ್ಳು ಅಲ್ಲೇ ಅವ್ಳೆ ಅಂತಲಾ? ಸಾಮಿ ನನ್ ತಾವ ಆಟ ಆಡಿದ್ನಾ?"

ನಿಜ ಹೇಳಲು ಅದೇ ಗಳಿಗೆ. ಒಂದು ವಾಕ್ಯ ಸಾಕಿತ್ತು. ಅದು ಮಾತ್ರೆ ಅತ್ತೆ, ನಾನೇ ಹಾಕಿದ್ದು. ಸ್ಟೆಲ್ಲಾ ಆ ವಾಕ್ಯವನ್ನು ಬಾಯಿಯ ತುದಿಗೆ ತಂದಳು. ತಂದ ಕೂಡಲೇ ಹಳದಿ ಲಂಗದ ಹುಡುಗಿ ಮತ್ತೆ ಬೆಂಕಿಗೆ ಇಳಿಯುವುದು, ಮಂಡಿಯೂರಿದ ಗಂಡ ಎದ್ದು ಹೊರಗೆ ಹೋಗುವುದು, ಈ ಮುಖ ಮುದುಡುವುದು ಕಂಡಿತು. ಜೆಸಿಂತಾ ಎಲ್ಲಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲವೆಂದು ಗೊತ್ತಿತ್ತು. ಯೇಸು ಅವಳನ್ನು ಎಂದೋ ಎತ್ತಿಕೊಂಡಿರಬೇಕು ಎಂದು ಮಾತ್ರ ನಂಬಿದ್ದಳು. ಅಷ್ಟು ನೋವು ತಿಂದವನು ಹತ್ತೊಂಬತ್ತರ ಹುಡುಗಿಯನ್ನು ಬೇಲಿಯಂಚಿನಲ್ಲಿ ಬಿಡುವನೇ? ಆದರೆ ಆ ನಂಬಿಕೆಯನ್ನು ಅತ್ತೆಯ ಕೈಗೆ ದಾಟಿಸಲು ಅವಳ ಹತ್ತಿರ ಬೇರೆ ಪಾತ್ರೆ ಇರಲಿಲ್ಲ.

"ಇಲ್ಲ ಅತ್ತೆ. ಉಪವಾಸದ ಮೈ, ಹಾಗಾಗುತ್ತೆ."

ಲೂರ್ದಮ್ಮ ಅವಳ ಮುಖವನ್ನೇ ನೋಡುತ್ತಿದ್ದರು. ಬಿಗಿ ಹಿಡಿದ ಕೈ ಸಡಿಲಿಸಲಿಲ್ಲ. "ಹಂಗಾರೆ ಒಂದ್ ತೊಟ್ಟು ಕಾಫಿ ಕೊಡು. ತಪಸ್ಸು ಕಾಲ ಅಂತ ಬುಟ್ಟಿದ್ದೆ. ಕೆಲ್ಸ ಆಯ್ತಲ್ಲ, ಇನ್ಯಾಕೆ. ಗಟ್ಟಿಯಾಗಿ ಮಾಡು, ನಿಮ್ಮವ್ವನ ಮನೆ ನೀರ್ ಕಾಫಿ ಬ್ಯಾಡ."

"ನಮ್ಮವ್ವನ ಕಾಫಿಗೆ ಈಗಲೂ ಬಯ್ಯಿರಿ," ಎಂದಳು ಸ್ಟೆಲ್ಲಾ. ಇನಾಸ್ ಅಳುವಿನ ನಡುವೆಯೇ ನಕ್ಕ.

ಒಲೆಯ ಮೇಲೆ ನೀರು ಕುದಿಯಿತು. ಡಿಕಾಕ್ಷನ್ ಇಳಿಯುವವರೆಗೂ ಅವಳು ಕಟ್ಟೆಗೆ ಕೈಯೂರಿ ನಿಂತಳು. ನಾಳೆ ಸಂಜೆ ಪಾಸ್ಖಕ್ಕೆ, ಈಸ್ಟರ್ ಭಾನುವಾರಕ್ಕೆ ಮುಂಚಿನ ಪಾಪನಿವೇದನೆಗೆ ಚರ್ಚಿನಲ್ಲಿ ಸಾಲು ನಿಲ್ಲುತ್ತದೆ. ಜಾಲರಿಯ ಆಚೆಗೆ ಇದನ್ನು ಹೇಳಿದರೆ ಪಾದ್ರಿ ದಯೆಯಿಂದಲೇ ಕೇಳುತ್ತಾರೆ. ಮಾತ್ರೆ ತಪ್ಪಲ್ಲ ಮಗಳೇ, ಸುಳ್ಳು ತಪ್ಪು, ಹೋಗಿ ನಿಜ ಹೇಳು, ಎನ್ನುತ್ತಾರೆ. ಅವರು ಹೇಳುವುದು ಸರಿ. ಮತ್ತೆ ಮಾಡುವುದಿಲ್ಲ ಎಂದು ಅವಳು ಮಾತು ಕೊಡಬೇಕಾಗುತ್ತದೆ. ಕೊಡಲಾರಳು. ಕೊಡದೆ ಪರಮಪ್ರಸಾದಕ್ಕೆ ನಾಲಿಗೆ ಚಾಚಲಾರಳು. ಮೊದಲ ಪರಮಪ್ರಸಾದದ ಬಿಳಿ ಫ್ರಾಕಿನ ದಿನದಿಂದ ಒಂದು ಪಾಸ್ಖವನ್ನೂ ಅವಳು ಹಾಗೆ ಕಳೆದಿರಲಿಲ್ಲ. ಪ್ರಸಾದದ ಆ ತೆಳ್ಳಗಿನ ರೊಟ್ಟಿ ಬಾಯಲ್ಲಿ ಕರಗುವಾಗಿನ ಮೌನ ಅವಳ ವರ್ಷದ ಏಕೈಕ ಮೌನವಾಗಿತ್ತು.

ಕೋಣೆಯಿಂದ ಒಂದು ಸಣ್ಣ ನರಳಿಕೆ, ಅದನ್ನು ನುಂಗಿಕೊಂಡ ಸದ್ದು. ಆಮೇಲೆ ಲೂರ್ದಮ್ಮನ ದನಿ, ಮಗನಿಗೆ, ತುಸು ಜೋರಾಗಿ: "ನೋವಿಲ್ಲ ಕಣಪ್ಪ. ಏನೂ ಇಲ್ಲ."

ಸ್ಟೆಲ್ಲಾ ಸೆರಗಿನ ಗಂಟು ಬಿಚ್ಚಿ ಪಟ್ಟಿ ತೆಗೆದಳು. ಭಾನುವಾರ ಎಲ್ಲರೂ ಚರ್ಚಿಗೆ ಹೊರಟಾಗ, ಅತ್ತೆಯ ಹತ್ತಿರ ಯಾರಾದರೂ ಇರಬೇಕಲ್ಲ, ನೀವು ಹೋಗಿ ಬನ್ನಿ ಅನ್ನುವಳು. ಅದರ ಮುಂದಿನ ಭಾನುವಾರವೂ. ಅತ್ತೆ ಇರುವಷ್ಟು ದಿನ. ಪಾದ್ರಿ ಮನೆಗೆ ಬಂದರೆ ಅಡುಗೆಮನೆಯಲ್ಲಿ ಕೆಲಸವಿರುತ್ತದೆ. ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳುವುದಿಲ್ಲ. ಇನಾಸ್‌ಗೂ ಇಲ್ಲ, ಗೋಕಿಲಾಗೂ ಇಲ್ಲ.

ಅವಳು ಮಾತ್ರೆಯನ್ನು ಎರಡು ಚಮಚಗಳ ನಡುವೆ ಇಟ್ಟು ಒತ್ತಿದಳು. ಕಾಫಿಗೆ ಸಕ್ಕರೆ ಹೆಚ್ಚಾಗಿಯೇ ಹಾಕಿ, ತಳದಲ್ಲಿ ಒಂದು ಕಣವೂ ಉಳಿಯದಂತೆ ಕಲಕಿದಳು.